ಎರಡು ಕೋಳಿ, ಒಂದು ಕೇಸು

ಕಾಡುಕೋಳಿ ಬೇಯಿಸುವಾಗ ಅಪ್ಪೆ ಬಾಗಿಲು ಹಾಕುತ್ತಿದ್ದಳು. ನಾವು ತುಳುವಿನಲ್ಲಿ ಅಮ್ಮನನ್ನು ಅಪ್ಪೆ ಎನ್ನುತ್ತೇವೆ. ಅವಳ ಹೆಸರು ಸೇಸಮ್ಮ. ಬಾಗಿಲು ಹಾಕಿ, ಕಿಟಕಿಗೆ ಗೋಣಿ ಸಿಕ್ಕಿಸಿ, ಹೊಗೆ ಹಂಚಿನ ಸಂದಿಯಿಂದ ಹೊರಗೆ ಹೋಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಹೊಗೆಯನ್ನು ತಡೆಯಲು ಅವಳ ಹತ್ತಿರ ಏನೂ ಇರಲಿಲ್ಲ.

ಅಜ್ಜಿಯ ಕಾಲದಲ್ಲಿ ಹೀಗಿರಲಿಲ್ಲವಂತೆ. ಬಾಣಂತಿಗೆ, ಜ್ವರ ಬಿಟ್ಟವರಿಗೆ, ಸಾವಿನ ಮನೆಯಲ್ಲಿ ಮೂರು ದಿನ ಉಪವಾಸ ಕೂತವರಿಗೆ ಕಾಡುಕೋಳಿಯ ಸಾರು ಮಾಡುತ್ತಿದ್ದರು. ಒಂದು ಮನೆಯಲ್ಲಿ ಕೋಳಿ ಬೆಂದರೆ ಒಂಬತ್ತು ಮನೆಗೂ ಒಂದೊಂದು ತೆಂಗಿನ ಚಿಪ್ಪು ಸಾರು ಹೋಗುತ್ತಿತ್ತು. ನಾವು ಮಲೆಕುಡಿಯರು, ಘಟ್ಟದ ಕಾಡಿನ ಬುಡಕಟ್ಟಿನವರು. ನಮ್ಮ ಪೆಲತ್ತಮಲೆ ಚಾರ್ಮಾಡಿಯಿಂದ ಮೇಲೆ ಏಳು ಕಿಲೋಮೀಟರ್ ಕಾಲುದಾರಿ. ಆ ಒಂಬತ್ತು ಮನೆಗಳಲ್ಲಿ ಕಳೆದ ವರ್ಷಕ್ಕೆ ಉಳಿದದ್ದು ನಾಲ್ಕು. ಐದು ಮನೆಯವರು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೆಳಗೆ ಇಳಿದರು. ಸ್ವಇಚ್ಛೆಯಿಂದ ಇಳಿದರು ಎಂದು ಆ ಕಾಗದದಲ್ಲಿ ಬರೆದಿತ್ತು.

ನಾನು ಹರಿಣಾಕ್ಷಿ. ಹತ್ತನೇ ಕ್ಲಾಸು ಓದಿದ್ದೇನೆ. ಬೆಳುವಾಯಿಯಲ್ಲಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದೆ. ಬೀಜ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಟ್ಟು ಕಪ್ಪಾಗುತ್ತದೆ, ಚರ್ಮ ಏಳುತ್ತದೆ, ಮತ್ತೆ ಬರುತ್ತದೆ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಟೈಫಾಯಿಡ್ ಹಿಡಿಯಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಲೋಕಯ್ಯ ಮಾವ, ಅಪ್ಪೆಯ ಅಣ್ಣ, ಚಾರ್ಮಾಡಿಯಿಂದ ಮನೆಯವರೆಗೆ ನನ್ನನ್ನು ಬೆನ್ನ ಮೇಲೆ ಹೊತ್ತು ತಂದರು. ಅವರಿಗೆ ಅರುವತ್ತು ದಾಟಿದೆ. ನಡುನಡುವೆ ಕೂತರು. ಒಮ್ಮೆಯೂ ಭಾರ ಎನ್ನಲಿಲ್ಲ.

ಮನೆಯಲ್ಲಿ ನನಗೆ ಏನೂ ಸೇರಲಿಲ್ಲ. ಗಂಜಿ ಕುಡಿದರೆ ವಾಂತಿ. ಬಾಯಿ ಕಹಿ. ಕೂತರೆ ತಲೆ ಸುತ್ತುತ್ತಿತ್ತು. ಐದನೇ ದಿನ ನಾನೇ ಬಾಯಿ ಬಿಟ್ಟು ಕೇಳಿದೆ.

"ಅಪ್ಪೆ, ಕಾಡುಕೋಳಿ ಸಾರು ಮಾಡ್ತೀಯಾ?"

ಅವಳು ಎದ್ದು ಹೋಗಿ ಅಂಗಳದಲ್ಲಿ ನಿಂತಳು. ದಾರಿಯ ಕಡೆ ನೋಡಿದಳು. ಆಮೇಲೆ ಮಾವನ ಮನೆಗೆ ಹೋದಳು.

ಮಾವ ಬಾಳೆಯ ಹಿಂದೆ ಉರುಳು ಒಡ್ಡಿದರು. ಮರುದಿನ ಬೆಳಿಗ್ಗೆ ಒಂದು ಹುಂಜ ಸಿಕ್ಕಿತು. ಅದನ್ನು ಅಂಗಿಯೊಳಗೆ ಅಡಗಿಸಿ ತಂದರು. ತಮ್ಮದೇ ಬಾಳೆಯ ಬುಡದಿಂದ ತಂಗಿಯ ಮನೆಗೆ ಇಪ್ಪತ್ತು ಹೆಜ್ಜೆ. ಅಷ್ಟು ದೂರವೂ ಅವರು ಓಡಿ ಬಂದರು.

ಅಪ್ಪೆ ಬಿಸಿನೀರಿಗೆ ಅದ್ದಿ ಗರಿ ಕಿತ್ತಳು. ಉಳಿದ ನವಿರನ್ನು ಬೆಂಕಿಯ ಮೇಲೆ ಸುಟ್ಟಳು. ಅರಸಿನ ಉಜ್ಜಿ ತೊಳೆದು ಸಣ್ಣ ಸಣ್ಣ ತುಂಡು ಮಾಡಿದಳು. ಕಾಡುಕೋಳಿಯ ಮಾಂಸ ಕಪ್ಪು, ಗಟ್ಟಿ, ಕೊಬ್ಬಿಲ್ಲ. ಬೇಗ ಬೇಯುವುದಿಲ್ಲ. ಮಣ್ಣಿನ ಅಳಗೆಯಲ್ಲಿ ಸಣ್ಣ ಬೆಂಕಿಯಲ್ಲಿ ಎರಡು ಗಂಟೆ ಇರಬೇಕು. ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿ ಕಲ್ಲಿನಲ್ಲಿ ಅರೆದು ಹಾಕಿದಳು. ತೆಂಗಿನಕಾಯಿ ಸ್ವಲ್ಪವೇ. ಅರೆಯುವ ಕಲ್ಲಿನ ಸದ್ದಿಗೂ ಅವಳು ನಿಲ್ಲಿಸಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಕಿತ್ತ ಗರಿಗಳನ್ನು ಹಿತ್ತಿಲಲ್ಲಿ ಹೂತು ಮೇಲೆ ಬೂದಿ ಚೆಲ್ಲಿ ಬಂದಳು.

ಅವಳಿಗೆ ಈ ಅಡಿಗೆ ಹೊಸದಲ್ಲ. ವಾರಕ್ಕೆ ಎರಡು ದಿನ ಅವಳು ಕೆಳಗೆ ಜಯಪ್ರಕಾಶ್ ಧಣಿಗಳ ಹೋಂಸ್ಟೇಯಲ್ಲಿ ಅಡಿಗೆ ಮಾಡುತ್ತಿದ್ದಳು. ಧಣಿಗಳ ಕೋವಿಗೆ ಲೈಸೆನ್ಸ್ ಉಂಟು, ತೋಟ ಕಾಯಲು. ದೊಡ್ಡ ಜನ ಬಂದ ದಿನ 'ಸ್ಪೆಷಲ್' ಮಾಡು ಎನ್ನುತ್ತಿದ್ದರು. ಸ್ಪೆಷಲ್ ಅಂದರೆ ಕಾಡುಕೋಳಿ. ಅಲ್ಲಿ ಬಾಗಿಲು ತೆರೆದೇ ಇರುತ್ತಿತ್ತು. ಪರಿಮಳ ರಸ್ತೆಯವರೆಗೆ ಹೋಗುತ್ತಿತ್ತು. ಗಣೇಶ ಚೌತಿ ಮುಗಿದ ವಾರ ಆ ಮೇಜಿಗೆ ಊಟಕ್ಕೆ ಬಂದವರು ಅರಣ್ಯ ಇಲಾಖೆಯ ರೇಂಜರ್ ಸಾಹೇಬರು. ಅಪ್ಪೆಯೇ ಬಡಿಸಿದಳು. ಅವರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಬಡಿಸುವ ಕೈ ನೋಡಿದರು, ಮುಖ ನೋಡಲಿಲ್ಲ. ಇದನ್ನು ಅಪ್ಪೆ ಆಗಲೇ ನನಗೆ ಹೇಳಿದ್ದಳು. ಹೇಳುವಾಗಲೂ ದನಿ ತಗ್ಗಿಸಿದ್ದಳು.

ಸಾರು ಬೆಂದಿತು. ಅಪ್ಪೆ ಒಂದು ಬಟ್ಟಲಿಗೆ ಬಗ್ಗಿಸಿ, ಊದಿ, ನನ್ನ ಬಾಯಿಗೆ ಹಿಡಿದಳು.

"ಕುಡಿ ಮಗಾ. ಮೆಲ್ಲ ಕುಡಿ."

ಮೂರು ಗುಟುಕು ಇಳಿಯಿತು. ವಾಂತಿ ಬರಲಿಲ್ಲ. ಹೊಟ್ಟೆಯೊಳಗೆ ಬೆಚ್ಚಗಾಯಿತು, ಬೆನ್ನು ಬೆವರಿತು. ಹದಿನೈದು ದಿನದ ಮೇಲೆ ಮೊದಲ ಸಲ ನನಗೆ ಹಸಿವಾಯಿತು. ಇನ್ನೂ ಬೇಕು ಎಂದು ಕೈ ಚಾಚಿದೆ.

ಆಗ ನಾಯಿ ಬೊಗಳಿತು.

ಅಪ್ಪೆ ತಟ್ಟನೆ ಬಾಗಿಲ ಕಡೆ ತಿರುಗಿದಳು. ಸಾರು ನನ್ನ ಎದೆಯ ಮೇಲೆ ಚೆಲ್ಲಿತು.

ನಾಲ್ಕು ಜನ ಗಾರ್ಡ್‌ಗಳು. ಒಬ್ಬಳು ಹೆಂಗಸು. ಮುಂದೆ ಕಾಡು ಕಾಯುವ ವಾಚರ್ ಕುಶಾಲಪ್ಪ, ಚಾರ್ಮಾಡಿಯವನೇ, ನನ್ನ ಜೊತೆ ಶಾಲೆಗೆ ಬಂದವನು. ಬಾಗಿಲು ತಟ್ಟಲಿಲ್ಲ, ಒದ್ದರು. ಕೊಂಡಿ ಕಿತ್ತು ಬಂತು. ಒಬ್ಬ ನೇರ ಒಲೆಯ ಹತ್ತಿರ ಹೋಗಿ ಅಳಗೆಗೆ ಸೌಟು ಹಾಕಿ ಎತ್ತಿದ. ಒಂದು ಕಾಲು ಮೇಲೆ ಬಂತು.

"ಎಂತದು ಇದು?"

"ಕೋಳಿ," ಅಂದಳು ಅಪ್ಪೆ.

"ಯಾವ ಕೋಳಿ?"

ಕುಶಾಲಪ್ಪ ಹಿತ್ತಿಲಿಗೆ ಹೋಗಿ ಕೋಲಿನಿಂದ ಬೂದಿ ಕೆದಕಿದ. ಹುಂಜದ ಬಾಲದ ಗರಿ ಹಿಡಿದುಕೊಂಡು ಬಂದ. ನನ್ನ ಮುಖ ನೋಡಲಿಲ್ಲ.

"ಏಳು ವರ್ಷ ಉಂಟು ಇದಕ್ಕೆ," ಅಂದ ಒಬ್ಬ ಗಾರ್ಡ್. "ಗೊತ್ತುಂಟಾ? ಏಳು ವರ್ಷ ಒಳಗೆ."

ನನಗೆ ಚಾಪೆಯ ಮೇಲೆ ಕೂತಲ್ಲೇ ಉಚ್ಚೆ ಹೋಯಿತು. ಇದನ್ನು ಬರೆಯಲು ನಾಚಿಕೆ ಇಲ್ಲ. ಹೋಯಿತು, ಅಷ್ಟೇ.

"ಉರುಳು ಹಾಕಿದ್ದು ಯಾರು?"

"ನಾನು," ಅಂದಳು ಅಪ್ಪೆ.

"ನೀನಾ? ಹೆಂಗಸು ಉರುಳು ಹಾಕ್ತದಾ?"

"ಹಾಕ್ತದೆ."

ಬಾಳೆಯ ಆಚೆ ಮಾವ ನಿಂತದ್ದು ನನಗೆ ಕಾಣುತ್ತಿತ್ತು. ಅಪ್ಪೆ ಆ ಕಡೆ ಬೆನ್ನು ಹಾಕಿ ನಿಂತಳು.

ಅಳಗೆ ಸಾಕ್ಷಿ ಅಂದರು. ಅದನ್ನು ಕೆಳಗೆ ತರಬೇಕು ಅಂದರು. ಯಾರು ತರುವುದು? ನಾಲ್ಕು ಜನ ಗಟ್ಟಿ ಆಳುಗಳಿದ್ದರು. ಒಲೆಯಿಂದ ಇಳಿಸಿದ ಅಳಗೆಯನ್ನು ಅಪ್ಪೆಯ ತಲೆಯ ಮೇಲೆ ಇಟ್ಟರು. ಸಿಂಬಿ ಮಾಡಲು ಬಟ್ಟೆ ಹುಡುಕುತ್ತಿದ್ದವಳಿಗೆ "ನಡಿ ನಡಿ" ಅಂದರು. ಬರಿಯ ಸೆರಗಿನ ಮೇಲೆ ಸುಡುವ ಅಳಗೆ ಹೊತ್ತು ಅವಳು ಏಳು ಕಿಲೋಮೀಟರ್ ಇಳಿದಳು. ನಾನು ಗೋಡೆ ಹಿಡಿದು ಎದ್ದು ಹಿಂದೆ ಹೋದೆ. ಬರಬೇಡ ಎಂದು ಯಾರೂ ಹೇಳಲಿಲ್ಲ. ಓದಲು ಬರುವವಳು ಒಬ್ಬಳು ಅವರಿಗೆ ಬೇಕಿತ್ತು. ಅದು ಆಮೇಲೆ ಗೊತ್ತಾಯಿತು.

ಇಳಿಜಾರಿನಲ್ಲಿ ಸಾರು ತುಳುಕಿತು. ಅಪ್ಪೆಯ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಇಳಿಯಿತು. ಕೈಯಿಂದ ಒರೆಸಿಕೊಳ್ಳಲು ಆಗುವುದಿಲ್ಲ, ಎರಡೂ ಕೈ ಅಳಗೆಯ ಮೇಲೆ. ಹಳ್ಳದಲ್ಲಿ ನಾನು ನೀರು ತೆಗೆದು ಅವಳ ಕುತ್ತಿಗೆಗೆ ಹಾಕಿದೆ. ಚರ್ಮ ಬೊಬ್ಬೆ ಎದ್ದಿತ್ತು. ಹಿಂದಿನಿಂದ ಒಬ್ಬ ಗಾರ್ಡ್ ಹೇಳಿದ:

"ಪರಿಮಳ ಒಳ್ಳೆದುಂಟು ಮಾರಾಯ."

ಇನ್ನೊಬ್ಬ ನಕ್ಕ.

ಕೆಳಗೆ ಆಫೀಸಿನ ಅಂಗಳದಲ್ಲಿ ಅಳಗೆ ಹಿಡಿಸಿ ಫೋಟೋ ತೆಗೆದರು. ಸರಿಯಾಗಿ ಕ್ಯಾಮೆರಾ ನೋಡು ಅಂದರು. ಆ ಸಂಜೆಗೇ ಆ ಫೋಟೋ ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಎಲ್ಲರ ಮೊಬೈಲಿಗೆ ಹೋಗಿತ್ತು. ವನ್ಯಜೀವಿ ಹಂತಕಿ ಎಂದು ಕೆಳಗೆ ಬರೆದಿತ್ತು.

ರೇಂಜರ್ ಸಾಹೇಬರು ಘಟ್ಟದ ಮೇಲಿನ ಕಡೆಯವರು. ಕುರ್ಚಿಯಲ್ಲಿ ಕೂತಿದ್ದರು. ಅಪ್ಪೆ ನಿಂತಿದ್ದಳು. ನಾನು ಗೋಡೆಗೆ ಒರಗಿ ನೆಲದಲ್ಲಿ ಕೂತೆ. ಅವರು ಬೈಯಲಿಲ್ಲ. ಬೈದಿದ್ದರೆ ಹೆದರಿಕೆ ಕಡಿಮೆ ಆಗುತ್ತಿತ್ತು. ಅವರು ಮೃದುವಾಗಿ ಮಾತಾಡಿದರು.

"ನೋಡಮ್ಮಾ, ನಾವು ಕೆಟ್ಟೋರಲ್ಲ. ವಯಸ್ಸಾಗಿದೆ ನಿಂಗೆ, ಜೈಲಿಗೆ ಕಳಿಸೋಕೆ ನನಗೂ ಮನಸ್ಸಿಲ್ಲ. ಒಂದು ಕಾಗದ ಇದೆ. ಹೆಬ್ಬೆಟ್ಟು ಹಾಕು. ಇದನ್ನ ಇಲ್ಲಿಗೇ ಮುಗಿಸೋಣ."

ಕುಶಾಲಪ್ಪ ಕಾಗದ ತಂದು ನನ್ನ ಕೈಗೆ ಕೊಟ್ಟ. "ಓದಿ ಹೇಳು ಅಪ್ಪೆಗೆ," ಅಂದ.

ಓದಿದೆ. ಮೊದಲು ಕಣ್ಣಲ್ಲಿ ಓದಿದೆ. ಪೆಲತ್ತಮಲೆಯ ಮನೆ, ಜಾಗ ಬಿಟ್ಟು ಸ್ವಇಚ್ಛೆಯಿಂದ ಕಾಡಿನಿಂದ ಹೊರಗೆ ಹೋಗುತ್ತೇವೆ. ಜಾಗದ ಹಕ್ಕುಪತ್ರಕ್ಕೆ ಹಾಕಿದ ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇವೆ. ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ. ಇಷ್ಟು ಇತ್ತು. ಅದರಲ್ಲಿ ಕೋಳಿಯ ಹೆಸರೇ ಇರಲಿಲ್ಲ.

ಆ ಅರ್ಜಿಗಾಗಿ ಅಪ್ಪ ಎಂಟು ವರ್ಷ ಆಫೀಸುಗಳಿಗೆ ಅಲೆದಿದ್ದರು. ಜೇನು ತೆಗೆಯಲು ಹೋಗಿ ಮರದಿಂದ ಬಿದ್ದು ಸತ್ತ ದಿನವೂ ಅವರ ಕಿಸೆಯಲ್ಲಿ ಅದರ ರಶೀದಿ ಇತ್ತು. ನನಗೆ ಎಲ್ಲ ಗೊತ್ತಿತ್ತು. ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಏಳು ವರ್ಷ. ಅಪ್ಪೆ ಇಲ್ಲದ ಮನೆ. ಅವಳ ಕುತ್ತಿಗೆಯ ಬೊಬ್ಬೆ.

ನಾನು ಸಾಲಿನ ಮೇಲೆ ಬೆರಳಿಟ್ಟು ದೊಡ್ಡದಾಗಿ ಓದಿದೆ. ಮನೆ ಬಿಡುವುದನ್ನು ಓದಿದೆ. ಅರ್ಜಿಯ ಸಾಲು ಬಿಟ್ಟೆ. ಕೊನೆಯ ಸಾಲು ಓದಿದೆ.

"ಹಾಕು ಅಪ್ಪೆ," ಅಂದೆ ತುಳುವಿನಲ್ಲಿ. "ಬೇರೆ ಎಂತ ಇಲ್ಲ. ಹಾಕಿ ಮನೆಗೆ ಹೋಗುವ."

ಅಪ್ಪೆ ನನ್ನನ್ನೇ ನೋಡುತ್ತಿದ್ದಳು.

"ನಿನ್ನ ಬೆರಳು ಓಡಿತು," ಅಂದಳು. "ಬಾಯಿ ಓಡಲಿಲ್ಲ. ನಡುವೆ ಎಂತ ಬರೆದಿದ್ದಾರೆ?"

ನನ್ನ ಕಪ್ಪು ಬೆರಳು ಆ ಸಾಲಿನ ಮೇಲೂ ಹರಿದಿತ್ತು. ಅಪ್ಪೆಗೆ ಓದು ಬರುವುದಿಲ್ಲ. ಅವಳು ನನ್ನ ಬೆರಳನ್ನು ಓದಿದ್ದಳು. ಅಳು ಬಂತು. ಅಳುತ್ತಲೇ ಆ ಸಾಲು ಓದಿದೆ.

ಅಪ್ಪೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿ ಕನ್ನಡದಲ್ಲಿ ಮಾತಾಡಿದಳು. ಕನ್ನಡ ಅವಳಿಗೆ ಆಫೀಸಿನ ಭಾಷೆ. ಒಂದೊಂದೇ ಮಾತು ಹುಡುಕಿ ಇಡುತ್ತಾಳೆ.

"ಕೋಳಿ ಬೇಯಿಸಿದ್ದಕ್ಕೆ ಜಾಗ ಯಾಕೆ ಕೊಡಬೇಕು? ಕೋಳಿಯದ್ದು ಬರೆಯಿರಿ. ಬೆರಳು ಹಾಕ್ತೇನೆ."

"ಬರೆದ್ರೆ ಏಳು ವರ್ಷಮ್ಮ."

"ಬರೆಯಿರಿ. ಎರಡು ಕೋಳಿ ಬರೆಯಿರಿ, ನಾನೇ ಬೇಯಿಸಿದ್ದು. ಒಂದು ಇವತ್ತು, ನನ್ನ ಮಗಳಿಗೆ. ಒಂದು ಚೌತಿ ಕಳೆದು, ಜಯಪ್ರಕಾಶ್ ಧಣಿಗಳ ಮನೆಯಲ್ಲಿ. ಅದನ್ನು ಉಂಡವರು ನೀವು. ಎರಡೂ ಬರೆಯಿರಿ. ಎರಡಕ್ಕೂ ಬೆರಳು ಹಾಕ್ತೇನೆ."

ಸಾಹೇಬರು ಅಪ್ಪೆಯ ಮುಖ ನೋಡಿದರು. ಮೊದಲ ಸಲ ನೋಡಿದರು. ನೋಡಿ ಗುರುತು ಹಿಡಿದರು. ಅವರ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಹೆದರಿಕೆ. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು. ಹೆದರಿದ ದೊಡ್ಡವರು ಏನು ಬೇಕಾದರೂ ಮಾಡುತ್ತಾರೆ.

"ಹೊರಗೆ ಹೋಗಿ ಎಲ್ಲ," ಅಂದರು ಗಾರ್ಡ್‌ಗಳಿಗೆ. ಮೃದುತನ ಹೋಗಿತ್ತು. "ಇವಳ ಮೇಲೆ ಕೇಸ್ ಹಾಕಿ. ಉರುಳು, ಕೋವಿ ಎರಡೂ ಬರೀರಿ."

"ಕೋವಿ ಇಲ್ಲ!" ನಾನು ಕೂಗಿದೆ. "ಸಾರ್, ನಮ್ಮಲ್ಲಿ ಕೋವಿ ಇಲ್ಲ!"

ಯಾರೂ ನನ್ನ ಕಡೆ ತಿರುಗಲಿಲ್ಲ.

ಅಪ್ಪೆಯನ್ನು ಮಂಗಳೂರಿನ ಜೈಲಿಗೆ ಕಳಿಸಿದರು. ಹತ್ತೊಂಬತ್ತು ದಿನ ಇದ್ದಳು.

ಆ ಹತ್ತೊಂಬತ್ತು ದಿನ ನಾನು ಮನೆಯಲ್ಲಿ ಒಬ್ಬಳೇ. ಕೊಂಡಿ ಕಿತ್ತ ಬಾಗಿಲಿಗೆ ಅರೆಯುವ ಕಲ್ಲು ಅಡ್ಡ ಇಟ್ಟು ಹಗಲಲ್ಲೂ ಒಳಗೇ ಇರುತ್ತಿದ್ದೆ. ನಾಯಿ ಬೊಗಳಿದರೆ ಒಲೆಯ ಬೆಂಕಿ ಆರಿಸುತ್ತಿದ್ದೆ. ಮಾವ ನಾಲ್ಕು ದಿನ ಕಾಡಿನಲ್ಲೇ ಇದ್ದು ಬಂದರು. ಗಡ್ಡ ಬೆಳೆದಿತ್ತು, ಮೈಯೆಲ್ಲ ಉಂಬುಳ, ಕಾಡಿನ ಜಿಗಣೆ, ಕಚ್ಚಿದ ಗಾಯ.

"ನಾನು ಹೋಗಿ ಹೇಳ್ತೇನೆ ಮಗಾ," ಅಂದರು. "ಉರುಳು ನನ್ನದು ಅಂತ ಹೇಳ್ತೇನೆ. ಅವಳನ್ನು ಬಿಡಲಿ."

"ಬಿಡುವುದಿಲ್ಲ ಮಾವ. ಇಬ್ಬರನ್ನೂ ಇಟ್ಟುಕೊಳ್ತಾರೆ."

ಮಾವ ಮೆಟ್ಟಿಲಲ್ಲಿ ಕೂತು ಬಾಯಿಗೆ ಹೆಗಲ ಮೇಲಿನ ಬೈರಾಸು ಒತ್ತಿಕೊಂಡು ಅತ್ತರು.

ಹನ್ನೊಂದನೇ ದಿನ ಕುಶಾಲಪ್ಪ ಬಂದ. ಒಬ್ಬನೇ ಬಂದ. ಅದೇ ಕಾಗದ. ಅಂಗಳದಲ್ಲೇ ನಿಂತು ಕರೆದ.

"ಹರಿಣಾಕ್ಷಿ, ಕೇಳು ಮಾರಾಯ್ತಿ. ನನಗೆ ಮೇಲಿನಿಂದ ಹೇಳ್ತಾರೆ, ನಾನು ಎಂತ ಮಾಡ್ಲಿಕ್ಕೆ ಆಗ್ತದೆ? ನೀನು ಸೈನ್ ಹಾಕಿದರೂ ಸಾಕಂತೆ. ನಾಳೆ ನಾಡಿದ್ದು ಅಪ್ಪೆ ಬರ್ತಾಳೆ."

ಬಾಗಿಲಿಗೆ ಬಂದು ಸಂದಿಯಲ್ಲಿ ಕಾಗದ, ಪೆನ್ನು ತೂರಿಸಿದ. ನಾನು ತೆಗೆದುಕೊಂಡೆ. ನಿಜ ಹೇಳುತ್ತೇನೆ, ತೆಗೆದುಕೊಂಡೆ. ಕಾಗದವನ್ನು ಕಲ್ಲಿನ ಮೇಲಿಟ್ಟು 'ಹ' ಎಂದು ಬರೆದೆ. ಮುಂದಿನ ಅಕ್ಷರಕ್ಕೆ ಕೈ ಹೋಯಿತು.

"ಅಪ್ಪೆಗೆ ಹೇಳುವುದು ಬೇಡ," ಅಂದ ಕುಶಾಲಪ್ಪ ಹೊರಗಿನಿಂದ. "ಅವಳಿಗೆ ಎಲ್ಲಿ ಗೊತ್ತಾಗ್ತದೆ? ಓದ್ಲಿಕ್ಕೆ ಬರುವುದಿಲ್ಲವಲ್ಲ."

ಪೆನ್ನು ನಿಂತಿತು. ಆ ಮಾತು ಅವನ ಬಾಯಿಂದ ಬಂದದ್ದು. ಆದರೆ ಆ ಆಫೀಸಿನಲ್ಲಿ ನಾನೂ ಅದನ್ನೇ ಎಣಿಸಿದ್ದೆ. ಅವಳಿಗೆ ಓದು ಬರುವುದಿಲ್ಲ, ಒಂದು ಸಾಲು ಬಿಟ್ಟರೆ ಎಲ್ಲಿ ಗೊತ್ತಾಗುತ್ತದೆ ಎಂದು. ಅವಳು ನನ್ನನ್ನು ಶಾಲೆಗೆ ಕಳಿಸಿದ್ದು ಇದಕ್ಕಾ? ಮಳೆಗಾಲದಲ್ಲಿ ಹಳ್ಳ ದಾಟಿಸಲು ಸೊಂಟದ ಮೇಲೆ ಹೊತ್ತದ್ದು ಇದಕ್ಕಾ?

'ಹ'ದ ಮೇಲೆ ಅಡ್ಡ ಗೀಟು ಎಳೆದೆ. ಒಂದಲ್ಲ, ಕಾಗದ ಹರಿಯುವವರೆಗೆ ಎಳೆದೆ. ಸಂದಿಯಿಂದ ಹೊರಗೆ ದೂಡಿದೆ.

"ಹಾಕುವುದಿಲ್ಲ. ಹೋಗು."

"ಹುಚ್ಚು ಹಿಡಿದಿದೆಯಾ ನಿನಗೆ? ಎಂತ ಮಾಡ್ತಾರೆ ಗೊತ್ತುಂಟಾ?"

"ಗೊತ್ತುಂಟು. ಹೋಗು ಕುಶಾಲಪ್ಪ. ನನಗೆ ಹೆದರಿಕೆ ಆಗ್ತಾ ಉಂಟು. ನೀನು ಹೋಗು."

ಅವನು ಹರಿದ ಕಾಗದ ಹೆಕ್ಕಿಕೊಂಡ. ಹೋದ. ಅವನ ಹೆಜ್ಜೆ ಕೇಳದಂತಾದ ಮೇಲೆ ನಾನು ಒಲೆಯ ಹತ್ತಿರ ಹೋಗಿ ವಾಂತಿ ಮಾಡಿದೆ.

ಮರುದಿನ ಮಾವನನ್ನು ಕರೆದುಕೊಂಡು ಬೆಳ್ತಂಗಡಿಗೆ ಇಳಿದೆ. ಅಲ್ಲಿ ಶಬ್ನಾ ಎಂಬ ವಕೀಲೆ ಸಿಕ್ಕಿದರು. ಬ್ಯಾರಿ ಮುಸ್ಲಿಮರ ಹುಡುಗಿ, ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವರಿರಬಹುದು. ಎಲ್ಲ ಕೇಳಿದರು. ನಾವು ಮೆಟ್ಟಿಲಲ್ಲಿ ಕೂರಲು ಹೋದಾಗ ಒಳಗೆ ಕರೆದು ಕುರ್ಚಿ ಕೊಟ್ಟರು. ಅವರೇ ಓಡಾಡಿ ಜಾಮೀನು ಮಾಡಿಸಿದರು.

ಅಪ್ಪೆ ಬಂದಳು. ಕುತ್ತಿಗೆಯ ಸುಟ್ಟ ಗಾಯ ಒಣಗಿ ಕಪ್ಪಾಗಿತ್ತು. ಮೂರನೇ ದಿನ ಒಣಮೀನು ಸುಡುತ್ತಿದ್ದಾಗ ನಾಯಿ ಬೊಗಳಿತು. ಅಪ್ಪೆ ಮೀನಿನ ಮೇಲೆ ಪಾತ್ರೆ ಕವುಚಿ ಉಸಿರು ಹಿಡಿದು ನಿಂತಳು.

"ಮೀನು ಅಪ್ಪೆ, ಪೇಟೆಯಿಂದ ತಂದ ಮೀನು," ಅಂದೆ.

"ಹೌದಲ್ಲಾ," ಅಂದಳು. ಆದರೂ ಪಾತ್ರೆ ತೆಗೆಯಲಿಲ್ಲ.

ಧಣಿಗಳು ಮತ್ತೆ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ನಮ್ಮ ದಾರಿಗೆ ಇಲಾಖೆಯವರು ಗೇಟು ಹಾಕಿದರು. ಉಳಿದ ಮೂರು ಮನೆಗಳಲ್ಲಿ ಒಂದು ಮನೆಯವರು ಇಳಿದು ಹೋದರು. ಹೋಗುವಾಗ ಆ ಮನೆಯ ಹೆಂಗಸು, "ನಮಗೆ ಹೆದರಿಕೆ ಆಗ್ತದೆ ಸೇಸಕ್ಕ," ಅಂದಳು. ಅಪ್ಪೆ ಅವಳ ಕೈ ಹಿಡಿದು, "ನನಗೂ," ಅಂದಳು.

ಏಳನೇ ತಿಂಗಳು ಕೋರ್ಟಿನಲ್ಲಿ ಆರೋಪ ಓದಿ ಹೇಳುವ ದಿನ ಬಂತು. ಒಳಗೆ ಹೋಗುವ ಮೊದಲು ಶಬ್ನಾ ಮೇಡಂ ನಾಲ್ಕು ಸಲ ಹೇಳಿದರು.

"ಸೇಸಕ್ಕ, ಅವರು ಒಪ್ಪುತ್ತೀರಾ ಅಂತ ಕೇಳ್ತಾರೆ. ಇಲ್ಲ ಅಂತ ಒಂದೇ ಮಾತು ಹೇಳಿ. ಬಾಕಿ ನಾನು ನೋಡಿಕೊಳ್ತೇನೆ. ಆಯ್ತಾ?"

ಅಪ್ಪೆ ತಲೆಯಾಡಿಸಿದಳು.

ರೇಂಜರ್ ಸಾಹೇಬರು ಬಾಗಿಲ ಹತ್ತಿರ ಯೂನಿಫಾರಂ ಹಾಕಿ ನಿಂತಿದ್ದರು. ಅಪ್ಪೆ ಕಟಕಟೆಯಲ್ಲಿ ನಿಂತಳು. ಅವಳ ಸೀರೆಯ ಅಂಚು ಅಲ್ಲಾಡುವುದು ಹಿಂದಿನ ಬೆಂಚಿನಲ್ಲಿದ್ದ ನನಗೂ ಮಾವನಿಗೂ ಕಾಣುತ್ತಿತ್ತು. ನ್ಯಾಯಾಧೀಶರು ಓದಿ ಹೇಳಿದರು. ಉರುಳು. ಕೋವಿ. ಕಾಡುಕೋಳಿ.

"ಒಪ್ಪಿಕೊಳ್ಳುತ್ತೀರಾ?"

"ಕೋವಿ ಇಲ್ಲ," ಅಂದಳು ಅಪ್ಪೆ. ಅಲ್ಲಿಗೆ ನಿಲ್ಲಬೇಕಿತ್ತು. ಶಬ್ನಾ ಮೇಡಂ ಎದ್ದು ನಿಂತರು. ಅಪ್ಪೆ ಅವರ ಕಡೆ ನೋಡಲಿಲ್ಲ. "ಕೋಳಿ ಬೇಯಿಸಿದ್ದು ಹೌದು. ಮಗಳಿಗೆ ಹುಷಾರಿರಲಿಲ್ಲ. ಅದಕ್ಕೆ ಮೊದಲು ಇನ್ನೊಂದು ಬೇಯಿಸಿದ್ದುಂಟು ಸ್ವಾಮೀ. ಅದು ಈ ಕಾಗದದಲ್ಲಿ ಇಲ್ಲ. ಅದನ್ನೂ ಬರೆಯಬೇಕು."

ನಾನು ಮಾವನ ಕೈ ಹಿಡಿದುಕೊಂಡೆ. ಬಾಗಿಲ ಹತ್ತಿರ ಬೂಟಿನ ಸದ್ದಾಯಿತು.

ನ್ಯಾಯಾಧೀಶರು ಕನ್ನಡಕ ತೆಗೆದರು.

"ಎಲ್ಲಿ ಬೇಯಿಸಿದ್ದು?"

ಅಪ್ಪೆ ಹೇಳಿದಳು. ಯಾರ ಮನೆ ಹೇಳಿದಳು. ಯಾವ ವಾರ ಹೇಳಿದಳು. ಯಾರ ಎಲೆಗೆ ಎರಡು ಸಲ ಬಡಿಸಿದೆ ಎಂದು ಹೇಳಿದಳು. ಬೆರಳು ತೋರಿಸಲಿಲ್ಲ. ತೋರಿಸಲು ಅವಳಿಗೆ ಧೈರ್ಯವಿರಲಿಲ್ಲ. ಹೆಸರು ಮಾತ್ರ ಹೇಳಿದಳು. ಟೈಪ್ ಮಾಡುವವರ ಕೈ ನಿಂತಿತು. ಅವರು ನ್ಯಾಯಾಧೀಶರ ಮುಖ ನೋಡಿದರು. ನ್ಯಾಯಾಧೀಶರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಬರೆಯಿರಿ," ಅಂದರು.

ಟೈಪಿನ ಸದ್ದು ಮತ್ತೆ ಶುರುವಾಯಿತು.

ಮುಂದಿನ ವಾಯಿದೆ ಕೊಟ್ಟರು. ಕೇಸು ಮುಗಿದಿಲ್ಲ. ಹೊರಗೆ ಶಬ್ನಾ ಮೇಡಂ, "ನಾನು ಹೇಳಿದ್ದು ಎಂತ, ನೀವು ಮಾಡಿದ್ದು ಎಂತ ಸೇಸಕ್ಕ," ಎಂದು ತಲೆಗೆ ಕೈ ಇಟ್ಟುಕೊಂಡರು. ಆಮೇಲೆ ಅಪ್ಪೆಯ ಎರಡೂ ಕೈ ಹಿಡಿದುಕೊಂಡು ನಿಂತರು. ಇಲಾಖೆಯ ಜೀಪು ನಮ್ಮ ಪಕ್ಕದಲ್ಲೇ ಮೆಲ್ಲ ಹೋಯಿತು. ಒಳಗಿನಿಂದ ಯಾರು ನೋಡಿದರು ಎಂದು ನಾವು ನೋಡಲಿಲ್ಲ.

ಚಾರ್ಮಾಡಿಯ ಬಸ್ಸಿನಲ್ಲಿ ಮಾವ ಹಿಂದಿನ ಸೀಟಿನಲ್ಲಿ ಕೂತರು. ಅಪ್ಪೆ ಕಿಟಕಿಯ ಪಕ್ಕ ನನ್ನ ಜೊತೆ ಕೂತಳು. ಬಸ್ಸು ಹೊರಟಿತು.

"ಬರೆದರಾ?" ಅಂದಳು.

"ಬರೆದರು."

"ಪೂರ್ತಿ?"

"ಪೂರ್ತಿ ಬರೆದರು ಅಪ್ಪೆ."

ಅವಳು ನನ್ನ ಕೈ ಹಿಡಿದಳು. ಉಜಿರೆ ದಾಟಿದ ಮೇಲೂ ಬಿಡಲಿಲ್ಲ.